ಬಾವಿಯ ಬಿರುಕಿನ ಮೇಲಿನ ಗಾಜು

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಶಿಗ್ಲಿಯ ಸುತ್ತ ನೆಲ ಆಗಾಗ ಸಣ್ಣಗೆ ನಡುಗುತ್ತಿತ್ತು. ಭೂವಿಜ್ಞಾನದಲ್ಲಿ ಡಿಗ್ರಿ ಮುಗಿಸಿದ್ದ ನನ್ನನ್ನು ಆ ಕಂಪನಗಳನ್ನು ದಾಖಲಿಸುವ ತಾತ್ಕಾಲಿಕ ಕೆಲಸಕ್ಕೆ ತೆಗೆದುಕೊಂಡಿದ್ದರು. ಒಬ್ಬ ರೈತರ ಹೊಲದ ಮನೆಯಲ್ಲಿ ಕಂಪನ ಬರೆಯುವ ಯಂತ್ರ ಇಟ್ಟಿದ್ದೆ. ಅವರ ಹಳೆಯ ಕಲ್ಲುಬಾವಿಯ ಗೋಡೆಯಲ್ಲಿ ಒಂದು ಬಿರುಕು ನೀರಿನೊಳಗಿಂದ ಮೇಲಕ್ಕೆ ಹತ್ತಿ ಬಂದಿತ್ತು. ಅದಕ್ಕೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಸಿಮೆಂಟು ಹಾಕಿ ಕೂರಿಸಿದ್ದೆ. ನೆಲ ಕೂದಲೆಳೆಯಷ್ಟು ಸರಿದರೂ ಅದು ಒಡೆಯಬೇಕು. ವಾರಕ್ಕೊಮ್ಮೆ ಮೆಟ್ಟಿಲಿಳಿದು ನೋಡುತ್ತಿದ್ದೆ. ಒಡೆದಿರಲಿಲ್ಲ. ‘ಚಲನೆ ಇಲ್ಲ’ ಎಂದು ಬರೆದು ಸಹಿ ಹಾಕುತ್ತಿದ್ದೆ.

ಒಮ್ಮೆ ಬಾವಿಯೊಳಗಿಂದ ಗುಡುಗಿದಂಥ ಸದ್ದು ಬಂತು. “ನೀರಿನ ಬುಡಕ ಬೆಂಕಿ ಗುಡ್ಡ ಇರತಾವಂತಲ್ರಿ, ಖರೆ ಏನು?” ಎಂದು ರೈತರು ಕೇಳಿದರು. ನಾನು ಕಟ್ಟೆಯ ಮೇಲೆ ಕೂತು, ಸಮುದ್ರದ ತಳದಲ್ಲಿ ಜ್ವಾಲಾಮುಖಿ ಹೇಗೆ ಉಬ್ಬುತ್ತದೆ, ಸಿಡಿಯುವ ಮುಂಚೆ ನೆಲ ಹೇಗೆ ಅದುರುತ್ತದೆ ಎಂದು ಒಂದು ತಾಸು ವಿವರಿಸಿದೆ.

“ನಮ್ಮ ಬಾವ್ಯಾಗೂ ಇದ್ರ ಚಲೋ ಆಕ್ಕಿತ್ತು. ಕಟ್ಟಿಗಿ ಉಳೀತಿತ್ತು,” ಎಂದ ಅವರ ತಮ್ಮ.

“ಇಲ್ಲಿ ಅಂಥಾದ್ದೇನಿಲ್ರಿ. ಗ್ವಾಡಿ ಗಟ್ಟಿ ಐತಿ. ಹೂಳು ತಗ್ಯಾಕ ಇಳೀರಿ,” ಎಂದೆ. ನಾನೇ ಹೇಳಿದೆ.

ಮರುವಾರ ಎಂಜಿನ್ನಿನಿಂದ ನೀರು ಖಾಲಿ ಮಾಡಿ ಅಣ್ಣತಮ್ಮ ಇಬ್ಬರೂ ಇಳಿದರು. ನಾನು ಎಂದಿನಂತೆ ಗಾಜು ನೋಡಲು ಹೋದೆ. ಪಟ್ಟಿ ನೆಟ್ಟಗಿತ್ತು. ಸುಮ್ಮನೆ ಮುಟ್ಟಿದೆ. ಸಿಮೆಂಟು ಹಸಿ ಇತ್ತು.

ಮೇಲೆ ಹತ್ತಿ ಬಂದೆ. ಬಾವಿಯ ದಂಡೆಯಲ್ಲಿ ರೈತರ ಹೆಂಡತಿ ಬುತ್ತಿ ಬಿಚ್ಚುತ್ತಿದ್ದರು.

“ಯಕ್ಕಾ, ಈ ಗಾಜು ಯಾರು ಹಚ್ಚಿದ್ರು?”

ಅವರು ನಾಚಿಕೊಂಡರು. “ನಾನ ರೀ. ನಿನ್ನೆ ಒಡದಿತ್ತು. ಸರ್ಕಾರದ ಸಾಮಾನು, ನಿಮಗ ಮ್ಯಾಲಿನ ಸಾಹೇಬ್ರು ಬೈದಾರು ಅಂತ ಲಕ್ಷ್ಮೇಶ್ವರದಾಗ ಫೋಟೋಕ್ಕ ಕಟ್ಟು ಹಾಕವ್ರ ಕಡಿಂದ ತರಿಸಿದ್ದೆ. ಹಿಂದಿನ ಎರಡು ಸಲ ನಿಮಗ ಗೊತ್ತ ಆಗ್ಲಿಲ್ಲ, ನೋಡ್ರಿ.”

ಮೂರು ಸಲ. ಗೋಡೆ ಮೂರು ಸಲ ಸರಿದಿತ್ತು. ಬಾವಿಯೊಳಗೆ ಬಗ್ಗಿ ಕೂಗಿದೆ: “ಮ್ಯಾಲ ಬರ್ರಿ. ಜಲ್ದಿ ಬರ್ರಿ.”

“ಬೆಂಕಿ ಬಂತೇನ್ರಿ ಸರ?” ತಮ್ಮ ಕೆಳಗಿನಿಂದ ನಕ್ಕ. ಅಣ್ಣ ನನ್ನ ಮುಖ ನೋಡಿದರು. ಬುಟ್ಟಿ ಬಿಸಾಕಿ, ತಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಹತ್ತತೊಡಗಿದರು. ಅವರು ಕೊನೆಯ ಮೆಟ್ಟಿಲುಗಳಲ್ಲಿದ್ದಾಗ ಗೋಡೆ ಒಮ್ಮೆ ನರಳಿತು. ಮೊದಲು ಮಣ್ಣು ಉದುರಿತು, ಹಿಂದೆಯೇ ಕಲ್ಲುಗಳು. ಕೆಳಗೆ ಅವರು ನಿಂತಿದ್ದ ಜಾಗ ಕಾಣದಾಯಿತು. ನಾನು ತಮ್ಮನ ಕೈ ಹಿಡಿದಿದ್ದೆ. ಯಾವಾಗ ಹಿಡಿದೆನೋ ಇಂದಿಗೂ ನೆನಪಾಗುವುದಿಲ್ಲ.

ಧೂಳು ಇಳಿಯಿತು. ಆಮೇಲೆ ಆಕೆ ನಿಧಾನವಾಗಿ ಕೇಳಿದರು: “ಅದನ್ನ ಒಡೀಲಿ ಅಂತನ ಹಚ್ಚಿದ್ರೇನ್ರಿ?”

ನಾನು ಹೌದೆಂದು ತಲೆಯಾಡಿಸಿದೆ. ಆಕೆ ಗಂಡನ ಬೆನ್ನಿಗೆ ಮೆತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸತೊಡಗಿದರು. ಕೆಸರು ಹೋದ ಮೇಲೂ ಒರೆಸುತ್ತಲೇ ಇದ್ದರು.