ಪಕ್ಕದ ಕೋಣೆಯಿಂದ ಅಜ್ಜಿಯ ವಿಡಿಯೊ ಕಾಲ್

ಕಳೆದ ಗುರುವಾರ ನಮ್ಮಮ್ಮ ನನ್ನ ಮಗಳಿಗೆ ವಿಡಿಯೊ ಕಾಲ್ ಮಾಡಿದರು. ಮಾತು ಇಪ್ಪತ್ತಾರು ನಿಮಿಷ ನಡೆಯಿತು. ಮಗಳು ಹಾಲ್‌ನಲ್ಲಿದ್ದಳು. ಅಮ್ಮ ಎಲ್ಲಿದ್ದರು ಗೊತ್ತೇ? ಅದೇ ಮನೆಯ ಬೆಡ್‌ರೂಮಿನಲ್ಲಿ, ಬಾಗಿಲು ಹಾಕಿಕೊಂಡು.

ನಗಬೇಡಿ. ಮೊದಲಿಂದ ಹೇಳುತ್ತೇನೆ.

ನಾನು ವಿಜಯವಾಡದ ಬ್ಯಾಂಕೊಂದರಲ್ಲಿ ಆಫೀಸರ್. ಗಂಡ ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಎಂಜಿನಿಯರ್. ಶನಿವಾರ ಬಂದು ಭಾನುವಾರ ಹೊರಡುವ ಮನುಷ್ಯ. ಮಗಳು ಸಿರಿಗೆ ನಾಲ್ಕು ವರ್ಷ. ಹಗಲೆಲ್ಲ ಪಟಮಟ ಬಡಾವಣೆಯ ಡೇಕೇರ್‌ನಲ್ಲಿ ಅವಳದು ತೆಲುಗು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೂ ಉತ್ತರ ತೆಲುಗಿನಲ್ಲೇ. ಅವಳು ಬಾಯಿ ತುಂಬ ಕನ್ನಡ ಮಾತಾಡುವುದು ದಿನಕ್ಕೊಮ್ಮೆ, ಫೋನಿನಲ್ಲಿ, ತುಮಕೂರಿನ ಅಜ್ಜಿಯ ಜೊತೆ. ಹಸುಗೂಸಾಗಿದ್ದಾಗ ಬಿಟ್ಟರೆ ಅಜ್ಜಿಯನ್ನು ಎದುರಿಗೆ ಕಂಡವಳೇ ಅಲ್ಲ.

ಮಗುವಿನ ಕೈಲಿ ಫೋನ್ ದಿನಕ್ಕೆ ಅರ್ಧ ಗಂಟೆ ಮೀರಬಾರದು ಅಂತ ನನ್ನ ನಿಯಮ. ನಿಮಿಷಗಳನ್ನು ಡೈರಿಯಲ್ಲಿ ಬರೆದಿಡುತ್ತೇನೆ. (ಬ್ಯಾಂಕ್ ಸೇರುವ ಮೊದಲಿನಿಂದಲೂ ಇರುವ ಕಾಯಿಲೆ.) ಅಮ್ಮ ಒಂದು ತಿಂಗಳು ಇರಲು ಬರುತ್ತಾರೆ ಎಂದಾಗ ಆ ಅರ್ಧ ಗಂಟೆಯನ್ನೂ ತೆಗೆದುಹಾಕಿದೆ. ಅಜ್ಜಿಯೇ ಮನೆಯಲ್ಲಿರುವಾಗ ಫೋನ್ ಯಾಕೆ?

ಸೋಮವಾರ ಅಮ್ಮ ಬಂದರು. ಬಾಗಿಲಲ್ಲೇ ಕೈ ಚಾಚಿ, "ಬಾರೇ ನನ್ ಬಂಗಾರಿ" ಅಂದರು. ಸಿರಿ ಎರಡು ಹೆಜ್ಜೆ ಹಿಂದೆ ಸರಿದಳು. ಸೋಫಾ ತೋರಿಸಿ, "ಕೂರ್ಚೋಂಡಿ ಮಾಮ್ಮಗಾರು" ಅಂದಳು. ಕೂತ್ಕೊಳ್ಳಿ ಅಜ್ಜಿಯವರೇ ಅಂತ! ಮೇಲಿನ ಮನೆಯ ಮುದುಕಿಗೂ ಹೀಗೇ ಹೇಳುತ್ತಾಳೆ.

"ಏನಂದ್ಲೇ?" ಅಮ್ಮ ಕೇಳಿದರು.

"ಮರ್ಯಾದೆ ಕೊಡ್ತಿದಾಳಮ್ಮ."

"ನಾನೇನು ಹೆಣ್ಣು ನೋಡೋಕೆ ಬಂದಿದೀನಾ?"

ಅಜ್ಜಿಯೆದುರು ಕನ್ನಡ ವಾಕ್ಯಗಳು, ಸೋಮವಾರ: ಸೊನ್ನೆ. ಮಂಗಳವಾರ: ಸೊನ್ನೆ. ಬುಧವಾರ ಒಂದು 'ಬೇಡ'. (ಇದು ವಾಕ್ಯವೇ?) ಆ ಸಂಜೆ ತಟ್ಟೆ ಹಿಡಿದು ಅವಳ ಹಿಂದೆ ಸುತ್ತಿ ಸುಸ್ತಾದ ಅಮ್ಮ, "ಇವಳಿಗೆ ನಾನು ಬೇಡ ಕಣೆ. ನಾಳೆನೇ ಹೋಗ್ತೀನಿ" ಅಂದರು. ಕಣ್ಣು ತುಂಬಿತ್ತು.

ಸಿರಿಯನ್ನು ಕೂರಿಸಿಕೊಂಡು ಕೇಳಿದೆ: "ಅಜ್ಜಿ ಜೊತೆ ಯಾಕೆ ಮಾತಾಡಲ್ಲ?"

ನನ್ನ ಪೆದ್ದುತನಕ್ಕೆ ಮರುಗುವವಳಂತೆ ನೋಡಿದಳು. "ಅಜ್ಜಿ ಫೋನ್‌ಲೋ ಉಂದಿ." ಅಜ್ಜಿ ಇರುವುದು ಫೋನಿನಲ್ಲಿ.

ಬೆಡ್‌ರೂಮಿಗೆ ಹೋಗಿ ಕಾಲ್ ಮಾಡುವ ಐಡಿಯಾ ಅಮ್ಮನದೇ. ಪರದೆಯಲ್ಲಿ ಮುಖ ಕಂಡದ್ದೇ ತಡ, ಸಿರಿಯ ಕನ್ನಡ ಧೋ ಎಂದು ಸುರಿಯಿತು. "ಅಜ್ಜಿ, ನಮ್ಮನೇಗೆ ಒಬ್ರು ಮಾಮ್ಮ ಬಂದಿದಾರೆ. ನನ್ ದಿಂಬು ತಗೊಂಡ್ಬಿಟ್ರು!" ಅಮ್ಮನ ನಗು ಫೋನಿನಿಂದಲೂ ಕೇಳಿಸಿತು, ಗೋಡೆಯಾಚೆಯಿಂದಲೂ ಕೇಳಿಸಿತು.

ನನಗೆ ತಲೆ ಕೆಟ್ಟಿತು. ಸ್ಕ್ರೀನ್ ಟೈಮ್ ಕಡಿಮೆ ಮಾಡಿ, ಮಕ್ಕಳನ್ನು ಮನುಷ್ಯರ ಜೊತೆ ಬೆರೆಸಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಮನುಷ್ಯರೇ ಸ್ಕ್ರೀನಿನಲ್ಲಿದ್ದರೆ? ಇಷ್ಟು ವರ್ಷ ಅಜ್ಜಿಯನ್ನು ಮೊಮ್ಮಗಳಿಗೆ ತಂದುಕೊಟ್ಟದ್ದೂ ಫೋನೇ, ಈಗ ಇಬ್ಬರ ನಡುವೆ ನಿಂತದ್ದೂ ಫೋನೇ. ಬೈಯಲೋ, ಕೈ ಮುಗಿಯಲೋ?

ಶನಿವಾರ ಬಂದ ಗಂಡ ಎಲ್ಲ ಕೇಳಿಸಿಕೊಂಡು, "ಒಂದೇ ಸಲ ನಿಲ್ಲಿಸ್ಬೇಡ. ದಿನಾ ಸ್ವಲ್ಪ ಸ್ವಲ್ಪ ದೂರ ಕಡಿಮೆ ಮಾಡ್ತಾ ಬಾ" ಅಂದರು. (ಎಂಜಿನಿಯರ್ ಅಲ್ಲವೇ?) ಸರಿ. ಭಾನುವಾರ ಅಮ್ಮ ಅಡುಗೆಮನೆಯಿಂದ ಕಾಲ್ ಮಾಡಿದರು. ಸೋಮವಾರ ಊಟದ ಟೇಬಲ್ಲಿನಿಂದ. ನಿನ್ನೆ ಅದೇ ಸೋಫಾದಲ್ಲಿ, ಸಿರಿಗೆ ಬೆನ್ನು ಹಾಕಿ ಕೂತು.

ಮಾತಿನ ನಡುವೆ ಅಮ್ಮ ಮೆಲ್ಲಗೆ ಫೋನ್ ಕೆಳಗಿಟ್ಟು ತಿರುಗಿದರು. "ಇಲ್ಲೇ ಇದೀನಲ್ಲೇ, ಬಂಗಾರಿ."

ಸಿರಿ ಪರದೆ ನೋಡಿದಳು. ಅಜ್ಜಿಯನ್ನು ನೋಡಿದಳು. ಕೆನ್ನೆ ಮುಟ್ಟಿದಳು, ಮೂಗುತಿ ಮುಟ್ಟಿದಳು. ಆಮೇಲೆ ಮುಖಾಮುಖಿಯಾಗಿ, ಅಚ್ಚ ಕನ್ನಡದಲ್ಲಿ, ತನ್ನ ಮೊದಲ ಪೂರ್ತಿ ವಾಕ್ಯ ಹೇಳಿದಳು:

"ಅಜ್ಜಿ, ನೀನು ತುಮಕೂರಿಗೆ ಹೋಗಿ ಫೋನ್ ಮಾಡು."

ಈಗ ನೀವೇ ಹೇಳಿ, ನಮ್ಮಮ್ಮ ಹಿಗ್ಗಬೇಕೋ, ಟಿಕೆಟ್ ಬುಕ್ ಮಾಡಬೇಕೋ?