ಶಾರ್ಟ್ ಇಂಟರೆಸ್ಟ್ ಮತ್ತು ಮಗಳ ತುತ್ತು

ನಮ್ಮ ಅಥಣಿಯ ಚಪ್ಪಲಿಗೆ ಜಗತ್ತೆಲ್ಲ ಕೊಲ್ಹಾಪುರದ ಹೆಸರು ಹಚ್ಚುತ್ತದೆ. ಹೊಲಿಯುವ ಕೈ ಇಲ್ಲಿಯದು, ಹೆಸರು ಮಾತ್ರ ಅಲ್ಲಿಯದು. ಈ ಸಿಟ್ಟನ್ನು ಅಂಗಡಿ ಇಟ್ಟ ದಿನದಿಂದ ತಲೆಯ ಮೇಲೆ ಹೊತ್ತುಕೊಂಡೇ ತಿರುಗಿದ್ದೇನೆ. ಮನೆಮನೆಯಲ್ಲಿ ಹೊಲಿಸಿದ ಜೋಡುಗಳನ್ನು ಕೂಡಿಹಾಕಿ, ನಿಪ್ಪಾಣಿಯ ಹೆದ್ದಾರಿಗೆ ತಂದು ಲಾರಿಗೆ ಹಾಕಿ ಮುಂಬೈಗೆ ಕಳಿಸುವುದು ನನ್ನ ಕೆಲಸ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ಬಹಳ ದಿನ ಕೇಳಿರಲಿಲ್ಲ. ಒಮ್ಮೆ ಮುಂಬೈನ ವ್ಯಾಪಾರಿ ಫೋಟೊ ಕಳಿಸಿದ. ಜರ್ಮನಿಯ ಯಾವುದೋ ಓಣಿಯಲ್ಲಿ ಎತ್ತರದ ಹೆಂಗಸೊಬ್ಬಳು ನನ್ನ ಚಪ್ಪಲಿ ಮೆಟ್ಟಿಕೊಂಡು ಐಸ್‌ಕ್ರೀಮ್ ತಿನ್ನುತ್ತ ನಿಂತಿದ್ದಳು. ಪಟ್ಟಿಯ ಹೊಲಿಗೆ ನೋಡಿದ ಕೂಡಲೇ ನಮ್ಮದೇ ಮಾಲು ಎಂದು ಗೊತ್ತಾಯಿತು. ಅವತ್ತಿನಿಂದ ನನಗೆ ಜರ್ಮನಿಯ ಮೇಲೆ ಹುಚ್ಚು ಅಭಿಮಾನ ಬಂದುಬಿಟ್ಟಿತು.

ಆ ಅಭಿಮಾನದಲ್ಲೇ ಒಂದು ವಿದೇಶಿ ಇಟಿಎಫ್ ಕೊಂಡೆ. ಜರ್ಮನಿಯ ದೊಡ್ಡ ಕಂಪನಿಗಳ ಷೇರುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ, ಆ ಬುಟ್ಟಿಯ ಪಾಲುಗಳನ್ನು ಅಮೆರಿಕದ ಪೇಟೆಯಲ್ಲಿ ಷೇರಿನಂತೆಯೇ ಮಾರುತ್ತಾರೆ, ಅಷ್ಟೇ. ಕೊಡಿಸಿದವನು ಶೇಡಬಾಳದ ಗೆಳೆಯ. ಸಾಲೆಯಲ್ಲಿ ನನ್ನ ಪಕ್ಕ ಕೂತವನು, ಈಗ ಚಿಕ್ಕೋಡಿಯಲ್ಲಿ ಊರ ಮಂದಿಯ ತೆರಿಗೆಯ ಕೆಲಸ ನೋಡುತ್ತಾನೆ. ಕೊಂಡದ್ದು ಮಗಳ ಹೆಸರು ನೆನೆದು. ನಾನೂ ಹೆಂಡತಿಯೂ ಹೋದ ಮೇಲೆ ಅವಳನ್ನು ನೋಡಿಕೊಳ್ಳುವವರಿಗೆ ಭಾರವಾಗಬಾರದಲ್ಲ.

ಮಗಳಿಗೆ ಮಾತು ಬರಲಿಲ್ಲ. ಮೈ ಬೆಳೆಯಿತು, ಬುದ್ಧಿ ಅಂಬೆಗಾಲಿನ ಕೂಸಿನದಾಗಿಯೇ ಉಳಿಯಿತು. ಹುಟ್ಟಿದಾಗಿನಿಂದ ತಾಯಿಯ ಕೈಯಿಂದಲ್ಲದೆ ಒಂದು ಅಗುಳೂ ಬಾಯಿಗೆ ಹಾಕಿಕೊಂಡವಳಲ್ಲ. ಚಿಕ್ಕಮ್ಮಂದಿರು ಸೋತರು, ಅಜ್ಜಿ ಸೋತಳು. ನನ್ನ ಹೆಂಡತಿ ರೊಟ್ಟಿ ಮುರಿದು ಬೆಂದ ಬ್ಯಾಳಿಯಲ್ಲಿ ನಾದಿ, ಸಣ್ಣ ತುತ್ತು ಮಾಡಿ ತುಟಿಯ ಹತ್ತಿರ ಒಯ್ದರೆ ಸಾಕು, ಹುಡುಗಿ ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದಳು. ಅವಳ ಸಲುವಾಗಿ ನನ್ನ ಹೆಂಡತಿ ತವರಿನಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ, ತಮ್ಮನ ನಿಕಾದಲ್ಲೂ ಮಧ್ಯಾಹ್ನಕ್ಕೆ ಓಡಿ ಬಂದಳು. ನಾನು ಚೇಷ್ಟೆ ಮಾಡುತ್ತಿದ್ದೆ, ‘ನಿಮ್ಮಿಬ್ಬರ ನಡುವ ನಾ ಬಾಡಗಿದಾರ’ ಎಂದು. ಅವಳು ನಗುತ್ತಿದ್ದಳು. ಆ ನಗುವಿನಲ್ಲಿ ಜಂಬವೂ ಇರುತ್ತಿತ್ತು.

ಹೋದ ವರ್ಷ ನನ್ನ ಹೆಂಡತಿಗೆ ನಾಲ್ಕು ಹೆಜ್ಜೆ ನಡೆದರೆ ತೇಕು ಹತ್ತತೊಡಗಿತು. ಮಿರಜಿನ ಆಸ್ಪತ್ರೆಯಲ್ಲಿ ತೋರಿಸಿದೆವು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು, ಆದರೆ ಮೈಯಲ್ಲಿ ತ್ರಾಣವಿಲ್ಲ, ಕೆಲವು ದಿನ ಔಷಧಿ ತೆಗೆದುಕೊಂಡು ಬರಲಿ ಎಂದರು ಡಾಕ್ಟರು. ಪಾರಾಗುತ್ತಾಳೋ ಎಂದು ನಾನು ಕೇಳಿದ್ದಕ್ಕೆ ಅವರು ಸುಳ್ಳು ಹೇಳಲಿಲ್ಲ. ‘ಎರಡೂ ಆಗಬಹುದ್ರಿ’ ಎಂದರು.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದೆ. ಅವಳು ಮಗಳ ತಾಟನ್ನು ನನ್ನ ಮುಂದೆ ಸರಿಸಿದಳು.

‘ಇವತ್ತಿಂದ ನೀವು ತಿನಸ್ರಿ ಆಕಿಗಿ.’

‘ಯಾಕ? ನಿನ್ನ ಕೈಗಿ ಏನ್ ಆಗೇತಿ?’

‘ಕೈಗಿ ಏನೂ ಆಗಿಲ್ಲ. ತಿನಸ್ರಿ ಅಂದ್ರ ತಿನಸ್ರಿ.’

ನಿಂಬೆಹಣ್ಣು ಹಚ್ಚಿ ಕೈ ತೊಳೆದು ಬಂದು ತುತ್ತು ಎತ್ತಿದೆ. ಎಷ್ಟು ತೊಳೆದರೂ ನನ್ನ ಕೈಯಿಂದ ತೊಗಲಿನ ವಾಸನೆ ಹೋಗುವುದಿಲ್ಲ. ಮಗಳು ಮೂಗು ಮುದುಡಿ, ತುಟಿ ಬಿಗಿದು, ತಾಯಿಯತ್ತ ತಿರುಗಿದಳು. ತಾಯಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹುಡುಗಿ ಅವಳ ಸೆರಗು ಹಿಡಿದು ಜಗ್ಗಿದಳು, ಅತ್ತಳು, ತಾಟನ್ನು ಒದ್ದಳು. ಸಂಜೆಯವರೆಗೆ ಉಪವಾಸ. ಕೊನೆಗೆ ನನ್ನ ತಲೆ ಕೆಟ್ಟಿತು. ಮನೆಯಲ್ಲಿ ನಾವು ಆಡುವುದು ಉರ್ದು, ಮರಾಠಿ, ಕನ್ನಡ ಎಲ್ಲ ಕಲಸಿದ ಮಾತು. ಸಿಟ್ಟು ಬಂದರೆ ಮಾತ್ರ ಇಬ್ಬರಿಗೂ ಶುದ್ಧ ಅಥಣಿಯ ಕನ್ನಡ.

‘ಸಾಯಾಕ ತಯಾರ್ ಆಗಿ ಕುಂತಿ ಏನ? ಡಾಕ್ಟರ್ ಇನ್ನಾ ಕತ್ತರಿ ಹಿಡದಿಲ್ಲ, ನೀ ಆಗಲೇ ಗೋರಿ ಅಳತಿ ಮಾಡಾಕತ್ತಿ!’

ಅವಳು ಬೇರೆ ಏನೋ ಹೇಳಿದಳು. ‘ಕೈಗಿ ನಿಂಬಿಹಣ್ಣ ಹಚ್ಚಿ ತೊಳೀಬ್ಯಾಡ್ರಿ. ಆ ವಾಸನಿ ಆಕಿಗಿ ರೂಢಿ ಆಗ್ಲಿ.’

ಹಲವು ದಿನ ಹೀಗೇ ನಡೆಯಿತು. ಹುಡುಗಿ ಸೊರಗಿದಳು. ತಾಯಿ ಸಂಜೆ ಹಾಲು ಮಾತ್ರ ಕುಡಿಸುತ್ತಿದ್ದಳು, ಅದೂ ಮಗಳ ಮುಖ ನೋಡದೆ. ಮಗಳನ್ನು ಬಿಟ್ಟುಕೊಟ್ಟಳು, ಬದುಕುವ ಆಸೆಯನ್ನೂ ಬಿಟ್ಟಳು ಎಂದು ನನಗೆ ಸಂಕಟ. ಬದುಕಬೇಕೆನ್ನುವವಳು ಯಾರಾದರೂ ತನ್ನ ಕೂಸಿಗೆ ತನ್ನ ಕೈ ಮರೆಸುತ್ತಾಳೆಯೇ?

ಅದೇ ದಿನಗಳಲ್ಲಿ ಅಂಗಡಿಯಲ್ಲಿ ಕೂತು ಫೋನಿನಲ್ಲಿ ನನ್ನ ಫಂಡಿನ ವಿವರ ನೋಡುತ್ತಿದ್ದೆ. ಶಾರ್ಟ್ ಇಂಟರೆಸ್ಟ್ ಎಂಬ ಒಂದು ಸಾಲು ಕಣ್ಣಿಗೆ ಬಿತ್ತು. ಅದು ಭಾರಿ ಏರಿದೆ ಎಂದು ಕೆಂಪು ಬಾಣ ಹಾಕಿದ್ದರು. ಬೆಲೆ ಬೀಳುತ್ತದೆ ಎಂದು ಬಾಜಿ ಕಟ್ಟಿದವರ ಲೆಕ್ಕವಂತೆ. ಮೈಯೆಲ್ಲ ಉರಿಯಿತು. ಮನೆಯಲ್ಲಿ ಹೆಂಡತಿ ತಾನೇ ಬೀಳುವುದಕ್ಕೆ ಕಾಯುತ್ತಿದ್ದಾಳೆ, ಇಲ್ಲಿ ಏಳು ಸಮುದ್ರದಾಚೆಯ ಮಂದಿಯೂ ನನ್ನ ಮಗಳ ಗಂಟು ಬೀಳಲಿ ಎಂದು ಕಾಯುತ್ತಿದ್ದಾರೆ! ಅಂಗಡಿಯ ಬಾಗಿಲೆಳೆದು ಚಿಕ್ಕೋಡಿಯ ಬಸ್ಸು ಹತ್ತಿದೆ. ಗೆಳೆಯನನ್ನು ನಾಲ್ಕು ಮಂದಿಯ ಎದುರು ಬೈದೆ. ಅವನು ನನ್ನ ಬೈಗುಳಕ್ಕೆ ರೂಢಿಯಾದವನು, ಚಹಾ ತರಿಸಿದ.

‘ಬಕ್ರೀದ್ ಮುಂದ ಆಡಿನ ರೇಟ್ ಏರತೈತಿ, ಮುಗದ ಮ್ಯಾಲ ಇಳೀತೈತಿ, ಹೌದಿಲ್ಲೊ?’ ಎಂದು ಶುರು ಮಾಡಿದ. ‘ಒಬ್ಬಾಂವ ಭೋಜ ಅನ್ನೂ ಊರಾಗ ಆಡು ಸಾಕೋರ ಕಡಿಂದ ಒಂದಿಷ್ಟು ಆಡು ಕಡ ತಂದ. ಹಬ್ಬದ ಮುಂದ ಸಂತ್ಯಾಗ ಮಾರಿದ. ಹಬ್ಬ ಆದ ಮ್ಯಾಲ ಸೋವಿ ಆದಾಗ ಅಷ್ಟಽ ಆಡು ಕೊಂಡು ವಾಪಸ್ ಕೊಟ್ಟ. ನಡುವಿನ ಫರಕ ಅವನ ಕಿಸೆದಾಗ. ಇದಕ್ಕ ಶಾರ್ಟ್ ಮಾಡೂದು ಅಂತಾರ. ಕಡ ತಂದು ಮಾರಿ, ಇನ್ನಾ ವಾಪಸ್ ಕೊಡದ ಆಡು ಎಷ್ಟದಾವ ಅನ್ನೂದಽ ನೀ ನೋಡಿದ ನಂಬರ.’

‘ಅಂದ್ರ ಇಷ್ಟು ಮಂದಿ ನನ್ನ ಫಂಡು ಬೀಳ್ಲಿ ಅಂತ ಬೇಡಾಕತ್ತಾರ?’

‘ಎಲ್ಲಾರೂ ಅಲ್ಲಪಾ. ಒಂದು ಕಂಪನಿ ಷೇರ್ ಇದ್ರ ಹಂಗ ಅನಬಹುದಿತ್ತು. ಇದು ಬುಟ್ಟಿ. ಇದರಾಗ ಬ್ಯಾರೇ ಥರದ ಮಂದಿ ಬಾಳ. ಮನ್ಯಾಗ ದೊಡ್ಡ ಹಿಂಡ ಇದ್ದಾಂವನ ನೆನಸಿಕೊ. ಅವಗ ತನ್ನ ಆಡು ಮಾರೂ ಮನಸಿಲ್ಲ. ರೇಟ್ ಬಿದ್ರ ಗತಿ ಏನು ಅಂತ ಅಂಜಿಕಿ. ಅದಕ್ಕ ಇನ್ನೊಬ್ಬರ ಆಡು ನಾಕು ಕಡ ತಂದು ಮಾರಿ ಇಡತಾನ. ನಾಳೆ ಬಿತ್ತು ಅಂದ್ರ, ಹಿಂಡಿನಾಗ ಹೋದದ್ದು ಒಂದಿಷ್ಟಾದ್ರೂ ಇಲ್ಲಿ ಸಿಗತೈತಿ. ಅಂವ ಬೀಳ್ಲಿ ಅಂತ ಮಾಡಿಲ್ಲೊ. ಬಿದ್ರೂ ಹಿಂಡ ಉಳೀಲಿ ಅಂತ ಮಾಡ್ಯಾನ.’

‘ಇದನ್ನ ಆ ನಂಬರ ಯಾಕ ಹೇಳಂಗಿಲ್ಲ?’

‘ನಂಬರ ಎಷ್ಟು ಅಂತ ಹೇಳತೈತಿ, ಯಾಕ ಅಂತ ಹೇಳಂಗಿಲ್ಲ. ಬಾಜಿ ಕಟ್ಟಿದಾಂವನೂ ಅದರಾಗ ಅದಾನ, ಅಂಜಿದಾಂವನೂ ಅದರಾಗ ಅದಾನ.’

ರೇಟು ಏರಿದರೆ ಆ ಕಡದ ಆಡುಗಳನ್ನು ತುಟ್ಟಿಯಾಗಿ ಕೊಂಡು ಮರಳಿಸಬೇಕು, ಆ ಪೆಟ್ಟು ತಪ್ಪುವುದಿಲ್ಲ ಎಂದೂ ಅವನು ಹೇಳಿದ. ನನ್ನ ಲಕ್ಷ್ಯ ಅಲ್ಲಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತ ನನ್ನ ಹೆಂಡತಿಯೇ ಕಣ್ಣ ಮುಂದಿದ್ದಳು. ಚಹಾ ಆರಿಹೋಗಿತ್ತು, ಹಾಗೇ ಕುಡಿದೆ.

ವಾಪಸ್ ಬರುವಾಗ ಬಸ್ಸು ಕೃಷ್ಣೆಯ ಸೇತುವೆ ದಾಟಿತು, ಮಂದಿ ಕೈ ಮುಗಿದರು. ನಾನು ಮುಖ ಕಿಟಕಿಗೆ ಹಚ್ಚಿ ಅತ್ತೆ. ಅವಳು ಸಾಯಲು ತಯಾರಾಗಿರಲಿಲ್ಲ. ಮಗಳನ್ನು ಹಿಡಿದುಕೊಂಡಷ್ಟು ಬಿಗಿಯಾಗಿ ಅವಳು ಏನನ್ನೂ ಹಿಡಿದುಕೊಂಡವಳಲ್ಲ. ಮಗಳು ತನ್ನ ಹಿಂದೆ ಉಪವಾಸದಿಂದ ಹೋಗಿಬಿಡುತ್ತಾಳೆ ಎಂಬ ಅಂಜಿಕೆ ಎದೆಯಲ್ಲಿಟ್ಟುಕೊಂಡು ಆಪರೇಷನ್ ಟೇಬಲ್ ಹತ್ತುವುದು ಅವಳಿಗೆ ಸಾಧ್ಯವೇ ಇರಲಿಲ್ಲ. ನನಗೆ ಇದನ್ನು ಬಾಯಿಬಿಟ್ಟು ಹೇಳಿದ್ದರೆ ನಾನು ಕೂಗಾಡಿ ಅವಳ ಬಾಯಿ ಮುಚ್ಚಿಸುತ್ತಿದ್ದೆ ಎಂಬುದೂ ಅವಳಿಗೆ ಗೊತ್ತಿತ್ತು.

ಮನೆಗೆ ಬಂದವನೇ ‘ತಾ ಇಲ್ಲಿ ತಾಟು’ ಎಂದೆ. ಅವಳು ನನ್ನ ಮುಖ ನೋಡಿ ತಾಟು ತಂದಿಟ್ಟಳು. ತುತ್ತು ಎಷ್ಟು ಸಣ್ಣದಿರಬೇಕು, ಬ್ಯಾಳಿ ಎಷ್ಟು ಬೆಚ್ಚಗಿರಬೇಕು, ಹುಡುಗಿ ತಲೆ ಆಚೆ ಹೊರಳಿಸಿದಾಗ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲ ಕಲಿಸಿದಳು. ಅಂಗಡಿಯನ್ನು ಮಧ್ಯಾಹ್ನ ಮುಚ್ಚಿಯೇ ಬಿಡುತ್ತಿದ್ದೆ. ಬಯ್ಯದೆ ಕೂತಿರುವುದು ನನ್ನಂಥವನಿಗೆ ಸಣ್ಣ ಶಿಕ್ಷೆಯಲ್ಲ. ಒಂದು ಮಧ್ಯಾಹ್ನ ಮಗಳು ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದಳು. ನಾನು ‘ಯಾ ಅಲ್ಲಾ!’ ಎಂದು ಕೂಗಿದ್ದಕ್ಕೆ ಬೆಚ್ಚಿ, ಮತ್ತೆ ಬಾಯಿ ತೆರೆದಳು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ನಗುತ್ತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮರುದಿನವೇ ‘ಇನ್ನ ಮಿರಜಿಗಿ ಫೋನ್ ಮಾಡ್ರಿ’ ಎಂದಳು.

ಆಪರೇಷನ್ ಆಯಿತು. ಬಹಳ ದಿನ ಅವಳನ್ನು ಅಲ್ಲೇ ಇಟ್ಟುಕೊಂಡರು, ನಡುವೆ ಒಮ್ಮೆ ಡಾಕ್ಟರೇ ಕೈಬಿಟ್ಟಂತೆ ಆಗಿತ್ತು. ಅಲ್ಲಿ ಅವಳ ತಂಗಿ ಇದ್ದಳು. ನಾನು ಬೆಳಿಗ್ಗೆ ಮಗಳಿಗೆ ತಿನ್ನಿಸಿ, ಅಜ್ಜಿಯ ಹತ್ತಿರ ಬಿಟ್ಟು ಮಿರಜಿಗೆ ಓಡುತ್ತಿದ್ದೆ, ಸಂಜೆಯ ಊಟದ ಹೊತ್ತಿಗೆ ಹೊಳ್ಳಿ ಬರುತ್ತಿದ್ದೆ. ಪ್ರತಿ ಸಲ ಅವಳು ಕೇಳುತ್ತಿದ್ದುದು ಒಂದೇ, ‘ಉಂಡ್ಳಾ?’ ಉಂಡಳು ಎನ್ನುತ್ತಿದ್ದೆ. ಅವಳು ಕಣ್ಣು ಮುಚ್ಚುತ್ತಿದ್ದಳು.

ಅವಳು ಬದುಕಿದಳು. ಎಲುಬು ತೊಗಲಾಗಿ, ಎದೆಯ ನಡುವೆ ಉದ್ದ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಳು. ಓಣಿಯ ಹೆಂಗಸರು ದೃಷ್ಟಿ ತೆಗೆದರು. ಬಂದ ಮಧ್ಯಾಹ್ನವೇ, ಬೇಡ ಬೇಡ ಎಂದರೂ ಕೇಳದೆ, ಮಗಳ ಎದುರು ಚಾಪೆಯ ಮೇಲೆ ಕೂತು ರೊಟ್ಟಿ ಮುರಿದಳು. ಬ್ಯಾಳಿ ಹಾಕಿ ನಾದಿದಳು. ಸಣ್ಣ ತುತ್ತು ಮಾಡಿ ಮಗಳ ತುಟಿಯ ಹತ್ತಿರ ಒಯ್ದಳು.

ಮಗಳು ಆ ಕೈಯನ್ನು ನೋಡಿದಳು. ತುಟಿ ಬಿಗಿದಳು. ಮುಖ ತಿರುಗಿಸಿ ನನ್ನನ್ನು ಹುಡುಕಿದಳು.

ತಾಯಿ ಕಾದಳು. ಹೆಸರು ಹಿಡಿದು ಕರೆದಳು, ಜೋಗುಳದ ದನಿಯಲ್ಲಿ ಕರೆದಳು. ನಾನು ಎದ್ದು ಹೊರಗೆ ಹೋಗಲು ನೋಡಿದೆ, ಹುಡುಗಿ ನನ್ನ ಅಂಗಿ ಹಿಡಿದುಕೊಂಡು ಅಳಲು ಶುರು ಮಾಡಿದಳು. ನನ್ನ ಹೆಂಡತಿ ಆ ತುತ್ತನ್ನು ತನ್ನ ಬಾಯಿಗೇ ಹಾಕಿಕೊಂಡು ನಿಧಾನವಾಗಿ ಅಗಿದಳು. ತಾಟನ್ನು ನನ್ನ ಕಡೆ ಸರಿಸಿದಳು.

‘ನೀವಽ ತಿನಸ್ರಿ. ಉಪವಾಸ ಇರಬಾರ್ದು ಆಕಿ.’

‘ನಾಕ್ ದಿನದಾಗ ಮತ್ತ ನಿನ್ನ ಕೈಗಿ ಬರತಾಳ, ಬಿಡ’ ಎಂದೆ. ತಿಂಗಳುಗಳೇ ಕಳೆದವು, ಇವತ್ತಿಗೂ ಬಂದಿಲ್ಲ.

ಅವತ್ತು ನಾನೇ ತುತ್ತು ಕೊಟ್ಟೆ. ಹುಡುಗಿ ಕಣ್ಣು ಮುಚ್ಚಿ ಬಾಯಿ ತೆರೆದಳು. ನನ್ನ ಹೆಂಡತಿ ಮಗಳ ಮುಖವನ್ನೇ ನೋಡುತ್ತ ಕೂತಿದ್ದಳು.

‘ನಾ ಬದುಕಿ ಬಂದೀನಿ ಅಂತ ಆಕಿಗಿ ಯಾರ್ ಹೇಳ್ಬೇಕ್ರಿ?’ ಎಂದಳು.

ನಾನು ಮುಂದಿನ ತುತ್ತು ಕಲಸಿದೆ.