ಬರ್ತೀನಿ ಎಂದವಳ ವೀಸಾ

ಇಸ್ತ್ರಿ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೋಟೆಲಿನ ಲಾಂಡ್ರಿಯವರೆಲ್ಲ ಹೇಳುತ್ತಿದ್ದರು. ಅದು ಅರ್ಧ ಸುಳ್ಳು. ಕೋಪ ಅವಳ ಮೈತುಂಬ ಇತ್ತು; ಮೂಗಿನ ತುದಿಗೆ ಬರುತ್ತಿದ್ದದ್ದು ಅದರ ಚೂರುಪಾರು ಮಾತ್ರ. ಉಳಿದದ್ದನ್ನು ಅವಳು ಬಟ್ಟೆಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಅವಳು ಒತ್ತಿದ ಹಾಸಿಗೆ ಬಟ್ಟೆಯಲ್ಲಿ ಸುಕ್ಕು ಹುಡುಕಿ ಗೆದ್ದವರಿಲ್ಲ. ಹೊಸಬ ಯಾರಾದರೂ ಅಂಗಿಯ ಕಾಲರಿನ ಮೇಲೆ ಸಿಕ್ಕಾಪಟ್ಟೆ ಇಸ್ತ್ರಿ ಪೆಟ್ಟಿಗೆ ಎಳೆದರೆ, "ತುದಿಯಿಂದ ನಡುವಿಗೆ ತಗೊಂಡು ಹೋಗಪ್ಪಾ. ನಿನ್ನ ಮದುವೆ ಅಂಗಿಗೂ ಹಿಂಗೇ ಬರೆ ಎಳೀತೀಯೇನು?" ಎಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಈ ಪರದೇಶಕ್ಕೆ ಬಂದವಳು ಅವಳು. ಆಗ ಮಗಳಿಗೆ ಹಾಲುಹಲ್ಲು. ಈಗ ಅದೇ ಮಗಳು ನರ್ಸಿಂಗ್ ಓದಿನ ಕೊನೆಯ ಪರೀಕ್ಷೆಗೆ ತಯಾರಾಗುತ್ತಿದ್ದಳು. ಇಲ್ಲಿಯ ಕಾನೂನಿನಲ್ಲಿ ಕೆಲಸ ಇದ್ದರೆ ವೀಸಾ, ವೀಸಾ ಇದ್ದರೆ ತಾಯಿಗೆ ವಾಸದ ಕಾರ್ಡು, ತಾಯಿಯ ಕಾರ್ಡು ಇದ್ದರೆ ಮಗಳಿಗೊಂದು ಕಾರ್ಡು. ಒಂದರ ಬಾಲ ಹಿಡಿದು ಇನ್ನೊಂದು. ಮುಂದಿನದು ಮುಗ್ಗರಿಸಿದರೆ ಹಿಂದಿನವೆಲ್ಲ ಮಕಾಡೆ.

ಮುಗ್ಗರಿಸಿದ್ದು ಒಂದೇ ಒಂದು ಮಾತಿನಿಂದ.

ಅಂಗಡಿ ಬೀದಿಗೆ ಸಾಲುವಷ್ಟು ಇಲ್ಲಿಯ ಭಾಷೆ ಅಕ್ಕನಿಗೆ ಬರುತ್ತಿತ್ತು. ಜಗಳಕ್ಕೆ ಮಾತ್ರ ಸ್ವಂತ ಭಾಷೆಯೇ ಆಗಬೇಕು. ಹಾಗಾಗಿ ಮ್ಯಾನೇಜರಿಗೂ ಅವಳಿಗೂ ನಡುವೆ ಮಾತು ದಾಟಿಸುತ್ತಿದ್ದವನು ಸೂಪರ್‌ವೈಸರ್. ಅವನೂ ಕನ್ನಡದವನೇ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆಂದು ಅಕ್ಕನೇ ಅವನಿಗೆ ಬೆಣ್ಣೆ ಎಂದು ಹೆಸರಿಟ್ಟಿದ್ದಳು. ಆ ಸಂಜೆ ಮ್ಯಾನೇಜರು, ಇನ್ನೊಂದು ಮಹಡಿಯ ಹಾಸಿಗೆ ಬಟ್ಟೆಯನ್ನೂ ನಾಳೆಯಿಂದ ನೀನೇ ನೋಡಿಕೋ ಎಂದರು. "ದೇವರು ಕೊಟ್ಟಿರೋದು ಎರಡೇ ಕೈ ಅಂತ ಹೇಳಪ್ಪಾ ಅವರಿಗೆ. ಮೂರನೇದು ಅವರೇ ಹೊಲಿಸಿಕೊಡಲಿ," ಎಂದು ಅಕ್ಕ ಸಿಡಿದಳು. ಬೆಣ್ಣೆ ಏನು ದಾಟಿಸಿದನೋ, ಏನು ನುಂಗಿದನೋ. ಅಷ್ಟರಲ್ಲಿ ಕೆಲಸ ಬಿಡುವ ಗಂಟೆ ಹೊಡೆಯಿತು. ಅಕ್ಕನ ಕೋಪವೂ ಅರ್ಧ ಇಳಿದಿತ್ತು. ಚೀಲ ಹೆಗಲಿಗೆ ಹಾಕಿಕೊಂಡು, "ಸರಿ, ಬರ್ತೀನಿ," ಎಂದಳು. ಬೆಣ್ಣೆ ಮ್ಯಾನೇಜರ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಏನೋ ಅಂದ. ಮ್ಯಾನೇಜರು ಹುಬ್ಬೇರಿಸಿ, ಆಗಲಿ ಎಂಬಂತೆ ತಲೆಯಾಡಿಸಿದರು. ಅಕ್ಕನೂ ನಕ್ಕು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಗೇಟಿನ ಮಿಷನ್ನಿಗೆ ಕಾರ್ಡು ತೋರಿಸಿದರೆ ಕೆಂಪು ದೀಪ. ಒರೆಸಿ ತೋರಿಸಿದಳು, ತಿರುಗಿಸಿ ತೋರಿಸಿದಳು. ಕೆಂಪೇ. ಬೆಣ್ಣೆ ಹೊರಗೆ ಬಂದ.

"ಅಕ್ಕಾ, ನೀವು ನಿನ್ನೆಯೇ ಕೆಲಸ ಬಿಟ್ಟಾಯ್ತಲ್ಲ. ವೀಸಾ ರದ್ದಿಗೂ ಕಳಿಸಿಬಿಟ್ಟಿದ್ದಾರೆ."

"ಯಾರೋ ಬಿಟ್ಟಿದ್ದು?"

"ನೀವೇ ಬರ್ತೀನಿ ಅಂದ್ರಲ್ಲ."

"ಬರ್ತೀನಿ ಅಂದ್ರೆ ಬರ್ತೀನಿ ಅಂತ ಕಣೋ!"

"ನಮ್ಮಲ್ಲಿ ಹೊರಡೋರು ತಾನೇ ಅಕ್ಕಾ ಬರ್ತೀನಿ ಅನ್ನೋದು? ಹೋಗ್ತೀನಿ ಅಂತ ಯಾರಾದ್ರೂ ಬಾಯಿಬಿಟ್ಟು ಅಂತಾರಾ? ಇವರು ಹೋಗ್ತಾರಂತೆ ಅಂತ ಹೇಳ್ದೆ. ಇದ್ದದ್ದನ್ನೇ ಹೇಳ್ದೆ."

ಕನ್ನಡ ಬಾರದವನು ಈ ತಪ್ಪು ಮಾಡಲಾರ. ಬರುವವನೇ, ಚೆನ್ನಾಗಿ ಬರುವವನೇ ಮಾಡಬೇಕು. ಅವನ ಬೆನ್ನ ಹಿಂದೆ, ತನ್ನ ಇಸ್ತ್ರಿ ಮೇಜಿನ ಮುಂದೆ, ಅವನ ಹೆಂಡತಿಯ ತಂಗಿ ಏಪ್ರನ್ ಕಟ್ಟಿಕೊಂಡು ನಿಂತಿರುವುದು ಕಿಟಕಿಯಲ್ಲಿ ಕಂಡಿತು. ಕಾಲರನ್ನು ನಡುವಿನಿಂದ ತುದಿಗೆ ಎಳೆಯುತ್ತಿದ್ದಳು.

ಅವತ್ತಿನಿಂದ ಅಕ್ಕ ಬರ್ತೀನಿ ಎಂಬ ಮಾತನ್ನೇ ಬಿಟ್ಟಳು. ಮನೆಯಿಂದ ಹೊರಡುವಾಗ ಮಗಳಿಗೆ "ಹ್ಞೂಂ" ಎಂದಷ್ಟೇ ಹೇಳಿ ಬಾಗಿಲು ಎಳೆದುಕೊಳ್ಳುತ್ತಿದ್ದಳು.

ಬೇರೆ ಕೆಲಸವೇನೋ ಸಿಕ್ಕಿತು. ಎರಡು ಬೀದಿ ಆಚೆ ಒಗೆಯುವ ಅಂಗಡಿ ಇಟ್ಟಿದ್ದ ಅಜ್ಜಿ, ನಾಳೆಯೇ ಬಾ ಎಂದಳು. ಆದರೆ ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕಿದರೆ ಹಳೆಯ ಕಳಂಕ ಎದ್ದು ಬಂತು: ನೋಟಿಸು ಕೊಡದೆ ತಾನಾಗಿ ಕೆಲಸ ಬಿಟ್ಟವಳು. ಅಂಥವರಿಗೆ ಹಳೆಯ ಕಂಪನಿ ಒಪ್ಪಿಗೆ ಕೊಡದೆ ಎರಡನೆಯ ವೀಸಾ ಇಲ್ಲ. ಗಡುವಿನೊಳಗೆ ಸಿಗದಿದ್ದರೆ ತಾಯಿ ಮಗಳು ಇಬ್ಬರೂ ಗಂಟುಮೂಟೆ ಕಟ್ಟಬೇಕು, ಪರೀಕ್ಷೆಗೆ ಮುಂಚೆಯೇ.

ಆಗ ಬೆಣ್ಣೆ ಒಂದು ಕಾಗದ ಕಳಿಸಿದ. ನಾನೇ ಬಿಟ್ಟೆ, ತಪ್ಪಾಯಿತು, ಕ್ಷಮಿಸಿ ಎಂದು ಸಹಿ ಹಾಕಿದರೆ ಒಪ್ಪಿಗೆ ಕೊಡಿಸುತ್ತಾನಂತೆ.

"ಹಾಕಮ್ಮಾ," ಎಂದಳು ಮಗಳು. "ಒಂದು ಸಹಿಗೆ ನಿನ್ನ ಕೈಯೇನು ಸವೆದುಹೋಗುತ್ತಾ?"

"ನನ್ನ ಅನ್ನ ಕಿತ್ತವನಿಗೆ ನಾನೇ ಕ್ಷಮೆ ಕೇಳ್ಲಾ? ನೀನು ಹುಟ್ಟಿದ್ದು ನನ್ನ ಹೊಟ್ಟೇಲೋ, ಬೆಣ್ಣೆ ಡಬ್ಬೀಲೋ?"

"ನಿನ್ನ ರೋಷಕ್ಕೆ ನನ್ನ ಪರೀಕ್ಷೆ ಬಲಿ. ಸರಿ ಬಿಡು!"

ಆ ಮಾತು ನಾಟಿತು. ವೀಸಾ ಕಚೇರಿ ಕರೆದ ದಿನ ಅಕ್ಕ ಆ ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು. ಸಹಿ ಇನ್ನೂ ಹಾಕಿರಲಿಲ್ಲ. ಪೆನ್ನೂ ಜೊತೆಗಿತ್ತು.

ಕಚೇರಿಯಲ್ಲಿ ಗಾಜಿನ ಗೋಡೆಯ ಪುಟ್ಟ ಕೋಣೆ, ಅಲುಗಾಡುವ ಕುರ್ಚಿ. ಅಧಿಕಾರಿಣಿಗೆ ನೆಗಡಿ, ಮೂಗು ಒರೆಸಿ ಒರೆಸಿ ಕೆಂಪಾಗಿತ್ತು. ಮಗಳು ಪಕ್ಕದಲ್ಲಿ ಕೂರಬಹುದು, ಮಾತು ದಾಟಿಸುವಂತಿಲ್ಲ. ಅದಕ್ಕೆ ಸರ್ಕಾರದವರೇ ಇದ್ದರು, ಫೋನಿನಲ್ಲಿ. ಯಾವುದೋ ಕಾಲೇಜಿನಲ್ಲಿ ಪುಸ್ತಕ ಹಿಡಿದು ಕನ್ನಡ ಕಲಿತ ಈ ದೇಶದ ಹೆಂಗಸು.

"ವಂದನೆಗಳು. ತಾವು ಉದ್ಯೋಗವನ್ನು ಪರಿತ್ಯಜಿಸಿದಿರಾ?"

"ಏನೇ ಅದು?" ಅಕ್ಕ ಮಗಳನ್ನು ತಿವಿದಳು.

"ಕೆಲಸ ಬಿಟ್ಟೆಯಾ ಅಂತ."

"ಬಿಡೋಕೆ ನಂಗೇನು ಹುಚ್ಚಾ?"

ಫೋನಿನಲ್ಲಿ ಹಾಳೆ ಮಗುಚಿದ ಸದ್ದಾಯಿತು. "ತಮಗೆ ಮನೋರೋಗವಿದೆಯೇ?"

"ಅಯ್ಯೋ ಇಲ್ಲ ಕಣಮ್ಮಾ! ಬಿಟ್ಟಿಲ್ಲ ಅಂತ ಹೇಳು!"

ಮಗಳು ತಲೆ ಚಚ್ಚಿಕೊಂಡಳು. ಅಧಿಕಾರಿಣಿ ಪರದೆ ನೋಡಿ ಕೇಳಿದ್ದನ್ನು ಫೋನು ದಾಟಿಸಿತು: "ಬಿಟ್ಟಿರೆಂದು ಇಲ್ಲಿ ಬರೆದಿದೆ. ಅಂದು ಸಂಜೆ ತಾವು ನುಡಿದ ಮಾತು ಯಾವುದು?"

ಫೋನಿನವಳಿಗೂ ಕನ್ನಡ ಬರುತ್ತದೆ. ಇವಳೂ ಬೆಣ್ಣೆಯ ಹಾಗೆ, ಹೊರಡುವವರ ಮಾತು ಎಂದುಬಿಟ್ಟರೆ ಮುಗಿಯಿತು. ಅಕ್ಕನ ಕೈ ಚೀಲದೊಳಗೆ ಹೋಗಿ ಆ ಕಾಗದವನ್ನು ಮುಟ್ಟಿತು. ಮಗಳು ಅದನ್ನು ನೋಡಿದಳು. ಅಕ್ಕನಿಗೆ ಕೋಪ ಕಾಲಿನಿಂದ ಏರಿ ಬಂತು. ಹಾಳಾಗಿ ಹೋಗಲಿ, ಆಡಿದ ಮಾತನ್ನು ಆಡಿಲ್ಲ ಎನ್ನುವುದು ಹೇಗೆ? ಕಾಗದ ಬಿಟ್ಟು ಕೈ ಹೊರತೆಗೆದಳು.

"ಬರ್ತೀನಿ ಅಂದೆ."

ಪುಸ್ತಕದ ಹೆಂಗಸು ಅಕ್ಷರಕ್ಕೆ ಅಕ್ಷರ ದಾಟಿಸಿದಳು. ಅಷ್ಟು ಭಾಷೆ ಅಕ್ಕನಿಗೂ ಗೊತ್ತಿತ್ತು: ನಾನು ಬರುವೆನು.

ಅಧಿಕಾರಿಣಿ ಮೂಗು ಒರೆಸುವುದನ್ನು ನಿಲ್ಲಿಸಿದರು. ಬರುತ್ತೇನೆ ಎಂದವಳನ್ನು ಹೋದಳು ಎಂದು ಬರೆದವರಾರು? ಮರುದಿನ ತಾವು ಬಂದಿರಾ? ಎಂದು ಅವರು ಕೇಳಿದ್ದನ್ನು ಫೋನು ದಾಟಿಸಿತು.

"ಬಂದೆ! ಹೊತ್ತಿಗೆ ಸರಿಯಾಗಿ ಬಂದೆ. ಗೇಟಿನ ಮಿಷನ್ ಕೇಳಿ. ಮೂರು ಸಲ ಕೆಂಪು ದೀಪ ಹಾಕಿ ನನ್ನ ಮಾನ ಕಳೀತು. ಅದಕ್ಕಾದ್ರೂ ನೆನಪಿರುತ್ತೆ!"

ಗೇಟಿನ ಮಿಷನ್ನಿಗೆ ನೆನಪಿತ್ತು. ಕಚೇರಿಯವರು ಕೇಳಿದಾಗ ಹೋಟೆಲಿನವರಿಗೆ ಅದನ್ನು ಮುಚ್ಚಿಡಲಾಗಲಿಲ್ಲ. ಕೆಲಸ ಬಿಟ್ಟವಳು ಮರುದಿನ ಬೆಳಿಗ್ಗೆ ಕಾರ್ಡು ಹಿಡಿದು ಗೇಟಿನಲ್ಲಿ ಯಾಕೆ ನಿಲ್ಲುತ್ತಾಳೆ ಎಂದು ಕೇಳಿದ್ದಕ್ಕೆ ಮ್ಯಾನೇಜರು ಬೆಣ್ಣೆಯ ಕಡೆ ಕೈ ತೋರಿಸಿದರು. ಕಳಂಕ ಅಳಿಸಿದರು. ಅಜ್ಜಿಯ ಅಂಗಡಿಯ ಹೆಸರಿನಲ್ಲಿ ಹೊಸ ವೀಸಾ ಬಂತು, ಹಿಂದೆಯೇ ಮಗಳ ಕಾರ್ಡೂ ಬಂತು. ಮಗಳು ಪರೀಕ್ಷೆ ಬರೆಯುತ್ತಿದ್ದ ವಾರ ಬೆಣ್ಣೆಯ ಫೋನು ಬಂತು. ಅಕ್ಕ ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಅಂಗಿ ಒತ್ತುತ್ತಲೇ ಇದ್ದಳು.

"ಅಕ್ಕಾ, ಈಗ ನನ್ನ ಬುಡಕ್ಕೆ ಬಂದಿದೆ. ನನ್ನ ವೀಸಾನೇ ತೆಗೀತಾರಂತೆ. ಏನೋ ಭಾಷೆ ತೊಡಕು, ಅವನ ತಪ್ಪಿಲ್ಲ ಅಂತ ಕಚೇರಿಯೋರಿಗೆ ಒಂದು ಮಾತು ಹೇಳಿ ಅಕ್ಕಾ. ಒಂದೇ ಭಾಷೆಯೋರು ನಾವು."

"ಅದೇ ಕಣೋ ನನಗೆ ಉರಿಯೋದು. ಬೇರೆ ಭಾಷೆಯೋನು ಮಾಡಿದ್ರೆ ತಿಳೀಲಿಲ್ಲ ಪಾಪ ಅಂತಿದ್ದೆ. ನನ್ನ ಮಾತು ತಗೊಂಡು ನನಗೇ ಇರಿದೆಯಲ್ಲೋ."

ಅವನು ಇನ್ನಷ್ಟು ಬೆಣ್ಣೆ ಹಚ್ಚಿದ. ಅವಳು ಕಾಲರನ್ನು ತಿರುಗಿಸಿ ತುದಿಯಿಂದ ನಡುವಿಗೆ ತಂದಳು. ಕೊನೆಗೆ ಅವನಿಗೇ ಸಾಕಾಯಿತು.

"ಆಯ್ತು ಅಕ್ಕಾ. ಬರ್ತೀನಿ."

"ಬರಬೇಡ," ಎಂದಳು ಅಕ್ಕ. "ಹೋಗು. ಇದನ್ನಾದ್ರೂ ಸರಿಯಾಗಿ ದಾಟಿಸ್ಕೋ."